ಸರ್ವರ್ ಮುಚ್ಚಿತು, ಆ್ಯಪ್ ಉಳಿಯಿತು

ನಾನು ಖಾತೆ ಹೊಂದಿದ್ದ ಸಣ್ಣದೊಂದು ಮಾಸ್ಟೊಡಾನ್ ಸರ್ವರ್ ಕೆಲವು ತಿಂಗಳ ಹಿಂದೆ ಮುಚ್ಚಿತು. ಮಾಸ್ಟೊಡಾನ್ ಟ್ವಿಟರ್‌ನಂಥ ಜಾಲತಾಣ; ಒಂದೇ ಕಂಪನಿಯ ಬದಲು ಬೇರೆಬೇರೆಯವರು ನಡೆಸುವ ಸರ್ವರ್‌ಗಳ ಮೇಲೆ ಅದು ನಿಂತಿದೆ. ನಡೆಸುತ್ತಿದ್ದವರು ಮೊದಲೇ ತಿಳಿಸಿದ್ದರಿಂದ ಬೇರೊಂದು ಸರ್ವರ್‌ನಲ್ಲಿ ಖಾತೆ ತೆರೆದು, ಹಳೆಯ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಹೊಸ ವಿಳಾಸವನ್ನು ನಮೂದಿಸಿದೆ. ನನ್ನನ್ನು ಹಿಂಬಾಲಿಸುತ್ತಿದ್ದವರು ಒಬ್ಬೊಬ್ಬರಾಗಿ ಅಲ್ಲಿಗೆ ಬಂದು ಸೇರಿದರು. ಓದಲು ಬಳಸುತ್ತಿದ್ದ ಆ್ಯಪ್ ಮಾತ್ರ ಬದಲಾಗಲಿಲ್ಲ. ಅದರಲ್ಲಿ ಹೊಸ ಸರ್ವರ್‌ನ ಹೆಸರು ಬರೆದು ಲಾಗಿನ್ ಆದೆ, ಅಷ್ಟೇ. ಅಕ್ಷರದ ಗಾತ್ರ, ಬಣ್ಣ, ಕೆಲವು ಪದಗಳಿಗೆ ನಾನು ಹಾಕಿಟ್ಟಿದ್ದ ಸೋಸುವಿಕೆ ಎಲ್ಲವೂ ಆ್ಯಪ್‌ನಲ್ಲೇ ಇದ್ದುದರಿಂದ ಹಾಗೆಯೇ ಉಳಿದವು.

2023ರ ಜನವರಿಯಲ್ಲಿ ನಡೆದದ್ದು ಇದಕ್ಕೆ ತೀರಾ ವಿರುದ್ಧವಾದುದು. ಟ್ವಿಟರ್ ಮುನ್ಸೂಚನೆಯಿಲ್ಲದೆ, ತನ್ನನ್ನು ಓದಲು ಹೊರಗಿನವರು ಕಟ್ಟಿದ್ದ ಆ್ಯಪ್‌ಗಳಿಗೆ ಬಾಗಿಲು ಹಾಕಿತು. ಅದನ್ನು ಸಮರ್ಥಿಸುವ ನಿಯಮವನ್ನು ಬರೆದದ್ದು ಸುಮಾರು ಒಂದು ವಾರದ ನಂತರ. ಹೀಗೆ ಹೊರಬಿದ್ದವುಗಳಲ್ಲಿ 2007ರಿಂದ ಇದ್ದ ಟ್ವಿಟರಿಫಿಕ್ ಕೂಡ ಒಂದು. 'ಟ್ವೀಟ್' ಎಂಬ ಪದವನ್ನೂ ಹಕ್ಕಿಯ ಚಿತ್ರವನ್ನೂ ಆ ಕಂಪನಿಗಿಂತ ಮೊದಲು ಬಳಕೆಗೆ ತಂದದ್ದು ಇದೇ ಆ್ಯಪ್ ಎಂಬುದನ್ನು ನೆನೆದಾಗ ನನಗೆ ಈಗಲೂ ಬೇಸರವಾಗುತ್ತದೆ. ಹೀಗೆಯೇ ಹೊರಬಿದ್ದ ಟ್ವೀಟ್‌ಬಾಟ್ ಆ್ಯಪನ್ನು ಕಟ್ಟಿದ್ದ ಟ್ಯಾಪ್‌ಬಾಟ್ಸ್ ಕಂಪನಿ ಅದೇ ತಿಂಗಳ ಕೊನೆಯ ವಾರದಲ್ಲಿ ಮಾಸ್ಟೊಡಾನ್‌ಗಾಗಿ ಐವರಿ ಎಂಬ ಆ್ಯಪನ್ನು ಹೊರತಂದಿತು. ಹಳೆಯ ಚಂದಾದಾರರಿಗೆ ಹಣ ಹಿಂದಿರುಗಿಸಬೇಕಾಗಿ ಬಂದಾಗ, ಹಣ ಬೇಡವೆನ್ನುವ ಅಥವಾ ಚಂದಾವನ್ನು ಐವರಿಗೆ ವರ್ಗಾಯಿಸಿಕೊಳ್ಳುವ ಆಯ್ಕೆಯನ್ನು ಅದು ಮುಂದಿಟ್ಟಿತು. ಅದೇ ವರ್ಷ ಚರ್ಚಾ ತಾಣವಾದ ರೆಡ್ಡಿಟ್ ತನ್ನ ಎಪಿಐಗೆ, ಅಂದರೆ ಹೊರಗಿನ ಆ್ಯಪ್‌ಗಳು ತನ್ನ ಸೇವೆಯೊಂದಿಗೆ ಮಾತನಾಡುವ ದಾರಿಗೆ, ಬೆಲೆ ಕಟ್ಟಿದಾಗ, ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ತೆರಬೇಕಾಗುತ್ತದೆಂದು ಲೆಕ್ಕ ಹಾಕಿದ ಅಪೊಲೊ ಎಂಬ ರೆಡ್ಡಿಟ್ ಆ್ಯಪ್ ಜೂನ್ 30ಕ್ಕೆ ನಿಂತಿತು. ಸಿಂಕ್ ಎಂಬ ಇನ್ನೊಂದು ರೆಡ್ಡಿಟ್ ಆ್ಯಪ್, ರೆಡ್ಡಿಟ್‌ನಂಥದ್ದೇ ಆದರೂ ಹಲವು ಸರ್ವರ್‌ಗಳಲ್ಲಿ ನಡೆಯುವ ಲೆಮ್ಮಿಯ ಕಡೆಗೆ ಹೊರಳಿತು.

ಆ್ಯಪ್ ಕಟ್ಟುವವರ ಈ ವಲಸೆಯನ್ನು ಕೇವಲ ಮುನಿಸಿನ ಮಾತಾಗಿ ನೋಡುವುದು ಸರಿಯಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ. ಒಂದೇ ಕಂಪನಿಯ ಸೇವೆಯ ಮೇಲೆ ಕಟ್ಟಿದ ಆ್ಯಪ್‌ನ ಆಯಸ್ಸು ಆ ಕಂಪನಿಯ ಮರ್ಜಿಯಷ್ಟೇ. ಸಾವಿರಾರು ಸರ್ವರ್‌ಗಳು ಒಂದೇ ಭಾಷೆಯನ್ನಾಡುವ ಕಡೆಯಲ್ಲಿ ಯಾವುದೇ ಒಂದು ಸರ್ವರ್ ಬಾಗಿಲು ಹಾಕಿದರೂ ಬಳಕೆದಾರರು ತಮ್ಮ ಆ್ಯಪ್‌ನೊಂದಿಗೇ ಪಕ್ಕದ ಸರ್ವರ್‌ಗೆ ಹೋಗಬಹುದು.

ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಆ ಸರ್ವರ್‌ಗಳಾಡುವ ಭಾಷೆಯ ಹೆಸರು ಆಕ್ಟಿವಿಟಿಪಬ್. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಅಂಗೀಕರಿಸಿದ ಅದರಲ್ಲಿ ಎರಡು ಭಾಗಗಳಿವೆ: ಸರ್ವರ್‌ಗಳು ತಮ್ಮತಮ್ಮೊಳಗೆ ಮಾತನಾಡುವುದು ಒಂದು, ಆ್ಯಪ್ ಸರ್ವರ್‌ನೊಂದಿಗೆ ಮಾತನಾಡುವುದು ಇನ್ನೊಂದು. ಎರಡನೆಯದು ಹೆಚ್ಚಾಗಿ ಕಾಗದದಲ್ಲೇ ಉಳಿದಿದೆ. ಆ್ಯಪ್‌ಗಳು ಬಳಸುವುದು ಮಾಸ್ಟೊಡಾನ್ ತನಗಾಗಿ ರೂಪಿಸಿಕೊಂಡ ಎಪಿಐಯನ್ನು; ಗೋಟುಸೋಶಿಯಲ್, ಪಿಕ್ಸೆಲ್‌ಫೆಡ್‌ನಂಥ ಬೇರೆ ಸರ್ವರ್ ತಂತ್ರಾಂಶಗಳೂ ಅದನ್ನೇ ಅನುಸರಿಸುತ್ತವೆ. ಮಾಸ್ಟೊಡಾನ್‌ನ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಯಾರೂ ರಾತ್ರೋರಾತ್ರಿ ಬೀಗ ಜಡಿಯಲಾರರು, ನಿಜ. ಆದರೂ ಆ್ಯಪ್ ಕಟ್ಟುವವರು ಮತ್ತೊಮ್ಮೆ ಒಂದೇ ಯೋಜನೆಯ ತೀರ್ಮಾನಗಳತ್ತ ಕಣ್ಣಿಟ್ಟು ಕುಳಿತಿದ್ದಾರೆ. ಆ ಎರಡನೆಯ ಭಾಗವನ್ನು ಬಳಕೆಗೆ ತರುವ ಕೆಲಸಕ್ಕೆ ಈಗಲೇ ಕೈಹಾಕಬೇಕು.

ನನ್ನ ಹಳೆಯ ಬರಹಗಳು ಹೊಸ ಖಾತೆಗೆ ಬರಲಿಲ್ಲ. ಮಾಸ್ಟೊಡಾನ್ ಹಿಂಬಾಲಕರನ್ನು ಸಾಗಿಸುತ್ತದೆ, ಬರಹಗಳನ್ನಲ್ಲ. ಸರ್ವರ್ ಮುಚ್ಚುವ ಮುನ್ನ ಇಳಿಸಿಕೊಂಡ ಕಡತದಲ್ಲಿ ಅವೆಲ್ಲವೂ ಇವೆ. ಅವುಗಳನ್ನು ಹೊಸ ಖಾತೆಯಲ್ಲಿ ಅದೇ ದಿನಾಂಕದೊಂದಿಗೆ ಇಡುವ ದಾರಿಗಾಗಿ ಕಾಯುತ್ತಿದ್ದೇನೆ.