ನಾಕು ತೂತಿನ ಲೆಕ್ಕ

ದಸರಾ ಸೇಲಿನ್ಯಾಗ ತಂದ ಪರದೆ ಯುಗಾದಿ ಬಂದ್ರೂ ಪ್ಲಾಸ್ಟಿಕ್ ಕವರಿನ್ಯಾಗ ಹಂಗ ಮಲಗಿದ್ವು. ಯಾಕಂದ್ರ ಪರದೆಗೆ ರಾಡ್ ಬೇಕು, ರಾಡಿಗೆ ಎರಡು ಬ್ರಾಕೆಟ್ ಬೇಕು, ಒಂದೊಂದು ಬ್ರಾಕೆಟಿಗೆ ಗ್ವಾಡ್ಯಾಗ ಎರಡೆರಡು ತೂತು ಬೇಕು, ಒಟ್ಟು ನಾಕು, ಮತ್ತ ಆ ನಾಕು ತೂತು ಹಾಕಬೇಕಾದ ಗಂಡಸು ಈ ಮನ್ಯಾಗ ನಾನೊಬ್ಬನ.

ನಮ್ಮದು ಹುಬ್ಬಳ್ಳಿ ಗೋಕುಲ ರೋಡ್ ಕಡೆ ಮೂರನೇ ಮಾಳಿಗಿ ಫ್ಲ್ಯಾಟು. ಕಿಡಕಿ ಎದುರಿಗೆ ಬ್ಯಾರೆ ಬಿಲ್ಡಿಂಗಿನವರ ಊಟದ ಟೇಬಲ್ಲು. ಅವರ ಮನ್ಯಾಗ ಇವತ್ತ ಎಣ್ಣಿಗಾಯೋ ಪುಂಡಿ ಪಲ್ಯಾನೋ ನಮಗ ಗೊತ್ತಾಗ್ತೈತಿ, ನಾನು ಬನಿಯನ್ ಮ್ಯಾಲ ಕುಂತು ಎಷ್ಟು ರೊಟ್ಟಿ ತಿಂದೆ ಅನ್ನೋದು ಅವರಿಗೆ ಗೊತ್ತಾಗ್ತೈತಿ. "ರೀ, ಆ ಇಲೆಕ್ಟ್ರಿಕ್ ಕೆಲ್ಸದ ಹುಡುಗಗ ಫೋನ್ ಹಚ್ರಿ, ಇನ್ನೂರು ರೂಪಾಯಿ ಕೊಟ್ರ ಹಾಕಿ ಹೋಗ್ತಾನ" ಅಂತ ನನ್ನ ಹೆಂಡ್ತಿ ಆರು ತಿಂಗಳಿಂದ ಹೇಳಾಕತ್ತಿದ್ಲು. ನಾಕು ತೂತಿಗೆ ಇನ್ನೂರು ರೂಪಾಯಿ ಯಾಕ ದಂಡ, ಒಂದು ಬ್ಯಾಟರಿ ಡ್ರಿಲ್ ತಗೊಂಡ್ರ ಜನ್ಮಪೂರ್ತಿ ಫುಕಟ ತೂತು ಅಂತ ನಾನಂದ್ನಿ. ಇಲ್ಲಿಂದ ಸುರು ಆತು ನೋಡ್ರಿ.

ಡ್ರಿಲ್ ತಗೊಳ್ಳೋದಂದ್ರ ಹೆಣ್ಣು ನೋಡಾಕ ಹೋದಂಗ, ಎಲ್ಲಾರೂ ಒಂದೊಂದು ಬುದ್ಧಿ ಹೇಳಾವ್ರ. ರಾತ್ರಿ ಹನ್ನೆರಡರ ತನಕ ಮೊಬೈಲ್ ತಿಕ್ಕಿದ್ನಿ. ಒಂದ್ರ ಮ್ಯಾಲ 12 ವೋಲ್ಟ್, ಒಂದ್ರ ಮ್ಯಾಲ 18, ಒಂದ್ರ ಮ್ಯಾಲ 20 ಮ್ಯಾಕ್ಸ್, ಮತ್ತ ಒಂದು ಹೆಸರು ಕೇಳಲಾರದ ಮಷಿನ್ ಮ್ಯಾಲ ದಪ್ಪ ಅಕ್ಷರದಾಗ 48, ಅದರ ರೇಟು ನೋಡಿದ್ರ ಎಲ್ಲಾದಕ್ಕಿಂತ ಕಡಿಮಿ! ನಾನು ಅದನ್ನ ತಗೊಳ್ಳಾಂವನ ಇದ್ನಿ, ನಮ್ಮ ಆಫೀಸಿನ್ಯಾಗ ಒಬ್ರು ಐಟಿಐ ಓದಿದವ್ರು ಅದಾರ, ಅವರು ಕೈ ಹಿಡದು ತಡದ್ರು. ಈ ಲಿಥಿಯಂ ಬ್ಯಾಟರಿ ಡಬ್ಬಿ ಒಳಗ ಸಣ್ಣ ಸಣ್ಣ ಸೆಲ್ ಇರ್ತಾವಂತ, ಒಂದೊಂದಕ್ಕ 3.6 ವೋಲ್ಟ್, ಐದು ಸೆಲ್ ಸಾಲಾಗಿ ಜೋಡಿಸಿದ್ರ 18. ಅದನ್ನ ಪೂರ್ತಿ ಚಾರ್ಜ್ ಮಾಡಿ ಆಗಷ್ಟ ತಗದಾಗ ಅಳದ್ರ ಇಪ್ಪತ್ತರ ಮ್ಯಾಲ ತೋರಸ್ತೈತಿ, ಕೆಲ್ಸಕ್ಕ ಹಚ್ಚಿದ್ರ ಮತ್ತ ಹದಿನೆಂಟಕ್ಕ ಇಳೀತೈತಿ. "ಅರ್ಧ ಲೀಟರ್ ಹಾಲು ಉಕ್ಕಿದಾಗ ಪಾತೇಲಿ ತುಂಬಿ ಕಾಣ್ತೈತಲ್ರಿ, ಹಂಗ. 18 ಅನ್ನೋದು, 20 ಮ್ಯಾಕ್ಸ್ ಅನ್ನೋದು ಎರಡೂ ಒಂದ. ಹನ್ನೆರಡೂ ಹಂಗ, ಮೂರು ಸೆಲ್ಲಿಂದು, ಖರೇ ಲೆಕ್ಕ 10.8. ಇನ್ನ ಈ ರೇಟಿಗೆ 48 ಅಂತ ಬರದದ್ದು ಒಡದು ನೋಡ್ರಿ, ಒಳಗ ಅವ ಐದು ಸೆಲ್ ಇರ್ತಾವ" ಅಂದ್ರು. ಹಾಲಿನ ಉದಾಹರಣೆ ಕೊಟ್ಟ ಮ್ಯಾಲ ನನಗ ಎಲ್ಲಾ ತಿಳೀತು, ಆಂಪಿಯರ್ ಅವರ್ ಅನ್ನೋದೊಂದು ಬಿಟ್ಟು. ಅದಕ್ಕೂ ಅವರ ಹೇಳಿದ್ರು: ವೋಲ್ಟ್ ಅಂದ್ರ ಎತ್ತಿನ ತಾಕತ್ತು, ಆಂಪಿಯರ್ ಅವರ್ ಅಂದ್ರ ಚಕ್ಕಡ್ಯಾಗ ಹೇರಿದ ಮೇವು. ಎರಡರ ಜಾಗಾಕ್ಕ ನಾಕು ತಗೊಂಡ್ರ ಎತ್ತು ದಪ್ಪ ಆಗಂಗಿಲ್ಲ, ಡಬಲ್ ದೂರ ಹೋಗ್ತೈತಿ ಅಷ್ಟ.

ಇನ್ನೊಂದು ಮಾತು ಹೇಳಿದ್ರು, ಅದನ್ನ ಮಾತ್ರ ಬರದಿಟ್ಕೋರಿ. ಒಂದು ಕಂಪನಿ ಬ್ಯಾಟರಿ ಇನ್ನೊಂದು ಕಂಪನಿ ಮಷಿನ್‌ಗೆ ಕೂಡಂಗಿಲ್ಲ. ನಾಳೆ ಗ್ರೈಂಡರ್ ಬೇಕಂದ್ರೂ, ಕಟ್ಟಿಗಿ ಕೊಯ್ಯೋ ಗರಗಸ ಬೇಕಂದ್ರೂ ಅದ ಕಂಪನಿ ಬಾಗಲಿಗೆ ಹೋಗಬೇಕು. "ಡ್ರಿಲ್ ಖರೀದಿ ಮಾಡಾಕತ್ತೇನಿ ಅನ್ಕೋಬ್ಯಾಡ್ರಿ, ಬೀಗತನ ಮಾಡಾಕತ್ತೇನಿ ಅನ್ಕೋರಿ."

ಇಷ್ಟೆಲ್ಲಾ ಕೇಳಿ ನಾನು 12 ವೋಲ್ಟಿಂದು ಆರಿಸಿದ್ನಿ. ಹಗುರ, ಸಣ್ಣದು, ಮನಿ ಕೆಲ್ಸಕ್ಕ ಸಾಕು ಅಂತ ಎಲ್ಲಾರೂ ಬರದಿದ್ರು. ಆನ್‌ಲೈನಿನ್ಯಾಗ ಹುಡಕಿದ್ರ ಒಂದ ಕಂಪನಿದು ಒಂದ ಮಾಡೆಲ್ಲು, ಒಂದು ಕಡೆ ಭಾಳ ತುಟ್ಟಿ, ಇನ್ನೊಂದು ಕಡೆ ಅರ್ಧ ರೇಟು, 3,300. ಅರ್ಧ ರೇಟಿಗೆ ಸಿಕ್ಕಿದ್ದನ್ನ ಬಿಡೋವಷ್ಟು ಮಂಗ್ಯಾ ನಾನಲ್ಲ ಅಂತ ಹೆಂಡ್ತಿಗೆ ಸ್ಕ್ರೀನ್ ತೋರಿಸಿ, ಆಕಿ ಕಡೆಯಿಂದ ಹೂಂ ಅನಿಸ್ಕೊಂಡು ಬಟನ್ ಒತ್ತಿದ್ನಿ.

ಬಾಕ್ಸ್ ಬಂತು. ಹಗುರ ಇತ್ತು. ಅಡ್ಡಿಯಿಲ್ಲ, ಹಗುರದ್ದನ್ನ ಬೇಕಂತ ತಗೊಂಡಿದ್ದು. ಒಡದು ನೋಡಿದ್ರ ಮಷಿನ್ ಐತಿ, ಅದರ ಹಿಡಿಕಿ ಕೆಳಗ ಬ್ಯಾಟರಿ ಕೂಡೋ ಜಾಗಾ ಬೋಳು. ಬಾಕ್ಸ್ ತಲಿಕೆಳಗ ಮಾಡಿ ಝಾಡಿಸಿದ್ನಿ, ಹದಿನೈದು ಭಾಷಾದಾಗ ಎಚ್ಚರಿಕಿ ಬರದಿದ್ದ ಪುಸ್ತಕ ಬಿತ್ತು, ಬ್ಯಾಟರಿ ಬೀಳ್ಲಿಲ್ಲ, ಚಾರ್ಜರ್ ಬೀಳ್ಲಿಲ್ಲ. ಬಾಕ್ಸಿನ ಸೈಡಿಗೆ ಸಾಸವಿ ಕಾಳಿನಷ್ಟು ಅಕ್ಷರದಾಗ ಬರದಿತ್ತು ನೋಡ್ರಿ: ಬೇರ್ ಟೂಲ್. ಅಂದ್ರ ಬರೇ ಮಷಿನ್. ಮನ್ಯಾಗ ಆಗಲೇ ಅದ ಕಂಪನಿ ಬ್ಯಾಟರಿ ಇದ್ದವ್ರಿಗೆ, ಅಂದ್ರ ಹಳೇ ಬೀಗರಿಗೆ, ಕಡಿಮಿ ರೇಟಿಗೆ ಕೊಡೋದದು. ಎತ್ತಿಲ್ಲದ ಚಕ್ಕಡಿ ತಂದು ಅಂಗಳದಾಗ ನಿಲ್ಲಿಸಿದಂಗಾತು ನನ್ನ ಕಥಿ.

"ಹೆಂಗೈತ್ರಿ?" ಅಂತ ಒಳಗಿಂದ ಕೇಳಿದ್ಲು. "ಭಾರಿ ಐತಿ, ರಾತ್ರಿಪೂರ್ತಿ ಚಾರ್ಜ್ ಮಾಡಬೇಕಂತ" ಅಂದ್ನಿ. ಯಾವದನ್ನ, ಯಾವದರಿಂದ ಅಂತ ಆಕಿ ಕೇಳಲಿಲ್ಲ, ದೇವರು ದೊಡ್ಡಾಂವ.

ಮರುದಿನ ಆಫೀಸ್ ಬಿಟ್ಟಮ್ಯಾಲ ದುರ್ಗದಬೈಲ್ ಕಡೆ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದ್ನಿ. ಗಲ್ಲಾದ ಮ್ಯಾಲ ಕುಂತ ಹಿರಿಯಾರು ಬ್ಯಾಟರಿ 1,900, ಚಾರ್ಜರ್ 1,500 ಅಂತ ಮುಂದ ಇಟ್ಟು, "ಸರ, ಗ್ವಾಡಿ ಯಾತರದ್ದು ನಿಮ್ದು?" ಅಂತ ಕೇಳಿದ್ರು. ಇಷ್ಟು ದಿನ ವೋಲ್ಟ್ ಹೇಳಾವ್ರು, ಟಾರ್ಕ್ ಹೇಳಾವ್ರು, ಬ್ರಷ್‌ಲೆಸ್ ಮೋಟಾರ್ ಇದ್ರ ಕಾರ್ಬನ್ ಸವ್ಯಂಗಿಲ್ಲ, ಬ್ಯಾಟರಿ ಜಾಸ್ತಿ ಹೊತ್ತು ಬರ್ತೈತಿ ಅಂತ ಹೇಳಾವ್ರು ಸಿಕ್ಕಿದ್ರು, ಗ್ವಾಡಿ ಕೇಳಿದವ್ರು ಇವರೊಬ್ರ.

"ಗ್ವಾಡಿ ಅಂದ್ರ... ಗ್ವಾಡಿ ರಿ. ಬಣ್ಣ ಹಚ್ಚಿದ್ದು."

"ಬಣ್ಣದಾಗ ತೂತು ಹಾಕಂಗಿಲ್ಲಲ್ರಿ ಸರ. ಇಟ್ಟಂಗಿ ಏನು, ಬ್ಲಾಕ್ ಏನು, ಕಾಂಕ್ರೀಟ್ ಏನು?"

ಗೊತ್ತಿಲ್ಲ ಅನ್ನಾಕ ನಾಚಿಕಿ, "ಎಲ್ಲಾ ಥರದ್ದೂ ಐತ್ರಿ" ಅಂದ್ನಿ. ಅವರು ನನ್ನ ಮಾರಿ ನೋಡಿದ್ರು, ಮಾಡೆಲ್ ನಂಬರ್ ನೋಡಿದ್ರು. "ಇದರಾಗ ಹ್ಯಾಮರ್ ಇಲ್ರಿ. ಕಟ್ಟಿಗಿ, ತಗಡು, ಸ್ಕ್ರೂ ತಿರುವೋದಕ್ಕ ಹೇಳಿ ಮಾಡಿಸಿದ್ದು. ಗ್ವಾಡಿಗೆ ಅಂದ್ರ 18 ವೋಲ್ಟಿಂದು, ಮ್ಯಾಲ ಸುತ್ತಿಗಿ ಚಿತ್ರ ಇರೋದು, ಬಿಟ್ ಹಿಡಿಯೋ ಚಕ್ 13 ಎಂಎಂ ಇರೋದು ತಗೋಬೇಕಿತ್ರಿ. ಬರೇ ಕಾಂಕ್ರೀಟ ಅಂದ್ರ ಅದೂ ಅಲ್ಲ, ರೋಟರಿ ಹ್ಯಾಮರ್. ಹ್ಯಾಮರ್ ಡ್ರಿಲ್ ಚಪ್ಪಾಳಿ ತಟ್ಟಿದಂಗ, ಸಣ್ಣ ಸಣ್ಣ ಏಟು ಭಾಳ ಹೊಡೀತೈತಿ. ರೋಟರಿ ಹ್ಯಾಮರ್ ಒನಕಿಲೆ ಕುಟ್ಟಿದಂಗ." ಮತ್ತ ಸ್ವಿಚ್‌ಬೋರ್ಡಿನ ನೆಟ್ಟಗ ಮ್ಯಾಲೂ ಕೆಳಗೂ ತೂತು ಹಾಕಬ್ಯಾಡ್ರಿ, ಒಳಗ ವೈರ್ ಹೋಗಿರ್ತಾವ ಅಂತನೂ ಹೇಳಿದ್ರು. ನಾನು ಎಲ್ಲಾ ಗೊತ್ತಿದ್ದವರಂಗ ತಲಿ ಹಾಕಿ, ಬಿಟ್‌ಗಳಿಗೆ ಮತ್ತ 250 ಕೊಟ್ಟು, ಬ್ಯಾಟರಿ ಚಾರ್ಜರ್ ಟಿಫಿನ್ ಬ್ಯಾಗಿನ್ಯಾಗ ಮುಚ್ಚಿಟ್ಕೊಂಡು ಮನಿಗೆ ಬಂದ್ನಿ.

ಮೊದಲು ಸಣ್ಣ ಕೆಲ್ಸ ಮಾಡಿ ಕೈ ಪಳಗಿಸೋಣು ಅಂತ ಅಡಗಿಮನಿ ಕಪಾಟಿನ ಸಡ್ಲ ಆದ ಬಿಜಾಗರಿ ಹಿಡದ್ನಿ. ಟ್ರಿಗರ್ ಒತ್ತಿದ್ನಿ, ಸ್ಕ್ರೂ ಎರಡು ಸುತ್ತು ತಿರುಗಿತು, ಆಮ್ಯಾಲ ಮಷಿನ್ ಒಳಗ ಟಕಟಕಟಕಟಕ ಅಂತ ಸಪ್ಪಳ, ಸ್ಕ್ರೂ ನಿಂತ ಬಿಟ್ತು. ಗೇರ್ ಮುರೀತು ಅಂತ ನನ್ನ ಎದಿ ಒಡೀತು. ಸ್ಕೂಟರ್ ಹತ್ತಿ ತಿರುಗಿ ದುರ್ಗದಬೈಲ್. ಹಿರಿಯಾರು ಮಷಿನ್ ಕೈಯಾಗ ತಗೊಂಡ್ರು, ಮೂತಿ ಹಿಂದ ನಂಬರ್ ಬರದ ಬಳಿ ಇರ್ತೈತಲ್ಲ, ಅದು ಮೂರರ ಮ್ಯಾಲ ಇತ್ತು, ಅದನ್ನ ಹನ್ನೆರಡಕ್ಕ ತಿರುವಿ ಕೊಟ್ರು. "ಕೆಟ್ಟಿಲ್ರಿ ಸರ. ಇದು ಕ್ಲಚ್. ಸ್ಕ್ರೂ ಬಿಗಿ ಆತು, ಸಾಕು ಅಂತ ಅದು ಹೇಳಾಕತ್ತೈತಿ." ಅಲ್ಲಿ ಕುಂತಿದ್ದ ಇಬ್ಬರು ಗೌಂಡಿಗಳು ಚಹಾ ಕುಡಿಯೋದು ಬಿಟ್ಟು ನನ್ನ ಕಡೆ ನೋಡಿದ್ರು.

ಸಾಕು ಅಂತ ಮಷಿನ್ ಯಾಕ ಹೇಳಬೇಕು, ನಾ ಹೇಳ್ತೀನಿ ಅಂತ ಸಿಟ್ಟಿಲೆ ಮನಿಗೆ ಬಂದು, ಬಳಿಯನ್ನ ಕಡೀಕಿರೋ ಡ್ರಿಲ್ ಚಿತ್ರಕ್ಕ ತಿರುವಿದ್ನಿ, ಅಲ್ಲಿ ಕ್ಲಚ್ ಇರಂಗಿಲ್ಲ. ಸ್ಕ್ರೂ ಭರ್ರ್ ಅಂತ ಒಳಗ ಹೋಗಿ, ಪ್ಲೈವುಡ್ಡಿನ ಎಳಿ ಎಲ್ಲಾ ಹರದು, ಹಿಡಿಯಾಕ ಏನೂ ಇಲ್ಲದಂಗ ಗಿರಗಿರ ತಿರುಗಾಕತ್ತು. "ಮೊದಲು ಬಾಗಲಾ ಸಡ್ಲ ಇತ್ತು, ಈಗ ಬಾಗಲಾನ ಇಲ್ಲ" ಅಂದ್ಲು ನನ್ನ ಹೆಂಡ್ತಿ. ಈಗೂ ಆ ಕಪಾಟು ತಗೀಬೇಕಂದ್ರ ಬಾಗಲಾ ಎರಡೂ ಕೈಲೆ ಎತ್ತಿ ಪಕ್ಕಕ್ಕ ಇಡ್ತೀವಿ.

ಐತವಾರ ಬಂತು. ಸ್ಟೂಲ್ ಹಾಕಿ, ಕೆಳಗ ಪೇಪರ್ ಹಾಸಿ, ಪೆನ್ಸಿಲ್‌ಲೆ ಗುರುತು ಮಾಡಿ, ಕಿಡಕಿ ಮ್ಯಾಲ ಆರು ಎಂಎಂ ಬಿಟ್ ಹಚ್ಚಿದ್ನಿ. ಮೊದಲು ಬಿಳೇ ಪುಡಿ ಬಂತು, ಅದು ಪುಟ್ಟಿ. ಆಮ್ಯಾಲ ಬೂದಿ ಬಣ್ಣದ್ದು, ಅದು ಪ್ಲಾಸ್ಟರ್. ಇನ್ನ ಕೆಂಪು ಪುಡಿ ಬಂದ್ರ ಇಟ್ಟಂಗಿ, ಗೆದ್ದಂಗ ಅಂತ ಕಾಯಾಕತ್ತಿದ್ನಿ. ಪುಡಿ ಬರೋದ ನಿಂತು ಹೋತು. ಒತ್ತಿದ್ನಿ. ಮೈಭಾರ ಎಲ್ಲಾ ಹಾಕಿ ಒತ್ತಿದ್ನಿ. ಸುಟ್ಟ ವಾಸನಿ ಬಂತು. ತಗದು ನೋಡಿದ್ರ ಒಂದು ತೊಗರಿ ಬ್ಯಾಳಿ ಕೂಡೋವಷ್ಟು ತೆಗ್ಗು, ಅದರ ತಳ ನುಣ್ಣಗ ಥಳಥಳ ಹೊಳ್ಯಾಕತ್ತೈತಿ, ಪಾಲಿಶ್ ಮಾಡಿದಂಗ. ಮಗಾ ಬಂದು "ಪಪ್ಪಾ, ರಿವರ್ಸ್ ಐತಿ" ಅಂದ. ಖರೇನ ರಿವರ್ಸ್ ಇತ್ತು! ಸೀದಾ ಮಾಡಿ ಮತ್ತ ಹಚ್ಚಿದ್ನಿ, ಬ್ಯಾಳಿ ಜಾಗಾದಾಗ ಈಗ ಒಂದು ಕಡ್ಲಿಕಾಳು ಕೂಡಬಹುದಿತ್ತು, ಅಷ್ಟರಾಗ ಬ್ಯಾಟರಿ ಮೇವು ತೀರಿತು. ಅಂಗಡಿ ಹಿರಿಯಾರಿಗೆ ಫೋನ್ ಮಾಡಿದ್ರ ನಕ್ಕು ಹೇಳಿದ್ರು, ಕಿಡಕಿ ಮ್ಯಾಲ ಲಿಂಟಲ್ ಇರ್ತೈತ್ರಿ, ಸರಳು ಹಾಕಿ ಸುರದ ಕಾಂಕ್ರೀಟ್, ಮ್ಯಾಲಿನ ಗ್ವಾಡಿ ಭಾರ ಹೊರಾಕ. ಪರದೆ ಬ್ರಾಕೆಟ್ ಬರೋದೂ ಬರೋಬರಿ ಅಲ್ಲೇ.

ಅಂದ್ರ ಇಡೀ ಮನ್ಯಾಗ ಸಲೀಸಾಗಿ ತೂತು ಬೀಳೋ ಗ್ವಾಡಿ ಬೇಕಾದಷ್ಟು ಐತಿ, ಅಲ್ಲಿ ನಮಗ ತೂತು ಬೇಕಾಗಿಲ್ಲ.

ಮರ್ಯಾದಿ ಉಳಿಸ್ಕೊಳ್ಳಾಕ ಹೆಂಡ್ತಿಗೆ ಚಂದ್ರನ ಕಥಿ ಹೇಳಿದ್ನಿ. 1971ರಾಗ ಅಪೊಲೊ 15ರ ಡೇವಿಡ್ ಸ್ಕಾಟ್ ಬ್ಯಾಟರಿ ಡ್ರಿಲ್ ತಗೊಂಡು ಚಂದ್ರನ ಮ್ಯಾಲ ಇಳದಿದ್ದ, ಮೂರು ಮೀಟರ್ ತೂತು ಹಾಕಬೇಕಾಗಿತ್ತು, ಅರ್ಧದ ಹತ್ರಕ್ಕ ಹೋಗಿ ಸಿಕ್ಕಿ ಬಿತ್ತು, ಅದರಾಗ ಹ್ಯಾಮರ್ ಸುದ್ದಾ ಇತ್ತು, ನಾಸಾದವ್ರಿಗೇ ಆಗಿಲ್ಲ ಅಂದ್ರ ನಂದೇನು ಅಂತ. ಆಕಿ ಮೆಂತೆ ಸ್ವಾಸೋದು ಬಿಡಲಾರದ, "ಅವರಿಗೆ ನಡೀತೈತ್ರಿ, ಅಲ್ಲಿ ಎದುರಿನ ಮನಿ ಇರಂಗಿಲ್ಲ" ಅಂದ್ಲು.

ನಡುವ ಒಮ್ಮಿ ಗದಗ ಕಡೆ ನಮ್ಮ ಹಳ್ಳಿಗೆ ಹೋಗೋದು ಬಂತು, ಅಜ್ಜನ ಫೋಟೋ ಹೊಸಾ ಫ್ರೇಮ್ ಹಾಕಿಸಿದ್ರು, ಹಾಕಾಕ ನಾನ ಬರ್ತೀನಿ ಅಂತ ಡ್ರಿಲ್ ಒಯ್ದ್ನಿ. ಅದು ಮಾಳಿಗಿ ಮನಿ, ಎರಡು ಫೂಟ್ ದಪ್ಪ ಮಣ್ಣಿನ ಗ್ವಾಡಿ. ಟ್ರಿಗರ್ ಮುಟ್ಟಿದ್ದಷ್ಟ, ಬಿಟ್ ಬುಡತನಕ ಒಳಗ! ಎಷ್ಟು ಖುಷಿ ಆತಂದ್ರ ಹೇಳಾಕ ಬರಂಗಿಲ್ಲ, ಆದ್ರ ಬಿಟ್ ಹೊರಗ ಎಳದಾಗ ಅದರ ಸಂಗಟ ಒಂದು ಬೊಗಸಿ ಮಣ್ಣು ಬಂತು, ಪ್ಲಾಸ್ಟಿಕ್ ಪ್ಲಗ್ ಇಟ್ರ ಒಳಗ ಬಿದ್ದು ಕಾಣದಂಗ ಆತು, ಆರು ಎಂಎಂ ತೂತಿನ್ಯಾಗ ಈಗ ನಿಂಬಿಹಣ್ಣು ಹೋಗ್ತಿತ್ತು. ಕಾಕಾ ಕಟ್ಟಿ ಮ್ಯಾಲಿಂದ ಎದ್ದು ಬಂದ್ರು. "ತಮ್ಮಾ, ನಿನ್ನ ಪಿಸ್ತೂಲು ಚೀಲದಾಗ ಇಡು" ಅಂದು, ಒಂದು ಜಾಲಿ ಗೂಟ ಕೆತ್ತಿ, ಅದ ತೂತಿಗೆ ಕಲ್ಲಿಲೆ ನಾಕು ಏಟು ಹೊಡದ್ರು. ಫೋಟೋ ನೇತು ಹಾಕಿ, ಗಟ್ಟಿ ಐತೋ ಇಲ್ಲೋ ನೋಡಾಕ ತಮ್ಮ ಟವೆಲ್ಲೂ ಅದಕ್ಕ ಹಾಕಿದ್ರು. ಅಜ್ಜ ಈಗೂ ಟವೆಲ್ ಹಿಂದಿಂದ ನೋಡ್ತಾನ.

ಹುಬ್ಬಳ್ಳಿಗೆ ಬಂದು ಬಾಯಿ ಮುಚ್ಕೊಂಡು ಆ ಹುಡುಗಗ ಫೋನ್ ಮಾಡಿದ್ನಿ. ಹೆಗಲಿಗೆ ರೋಟರಿ ಹ್ಯಾಮರ್ ಹಾಕ್ಕೊಂಡು ಬಂದ, ವೈರಿಂದು. ನನ್ನ ಕಡ್ಲಿಕಾಳಿನ ತೆಗ್ಗು ನೋಡಿ, "ಇದನ್ಯಾರ್ರಿ ಮಾಡಿದ್ದು?" ಅಂದ. ನಾನು ಎದುರಿನ ಬಿಲ್ಡಿಂಗ್ ನೋಡಿದ್ನಿ. ಲಿಂಟಲ್ ಐತ್ರಿ ಸರ, ನಾಕುನೂರು ಆಗ್ತೈತಿ ಅಂದ, ಹೂಂ ಅಂದ್ನಿ. ಡರ್ರ್ ಅಂತ ಇಡೀ ಬಿಲ್ಡಿಂಗ್ ನಡುಗಿಸಿ ಮೂರು ಮಿನಿಟಿನ್ಯಾಗ ನಾಕೂ ತೂತು ಮುಗಿಸಿದ. ಆಮ್ಯಾಲ ಸ್ಕ್ರೂ ಬಿಗಿ ಮಾಡಾಕ ಸ್ಕ್ರೂಡ್ರೈವರ್ ಹುಡುಕಾಕತ್ತಿದ್ದ, ಟೇಬಲ್ ಮ್ಯಾಲಿದ್ದ ನನ್ನ ಮಷಿನ್ ಕಾಣ್ತು. "ಸರ, ಇದನ್ನ ತಗೊಳ್ಲೇನ್ರಿ?" ಬಳಿಯನ್ನ ಎಂಟಕ್ಕ ತಿರುವಿ, ಒಂದೊಂದು ಸ್ಕ್ರೂ ಟಕ್ ಅನ್ನೂತನಕ ಕೂಡಿಸಿದ, ಒಂದ ಕೈಲೆ, ಸ್ಟೂಲ್ ಮ್ಯಾಲ ನಿಂತು, ಹೂ ಏರಿಸಿದಂಗ. ನನಗ ಎದಿ ಉಬ್ಬಿತು. ಅದು ಇಷ್ಟು ದಿನದಾಗ ಮೊದಲನೇ ಸಲ ತನ್ನ ಕೆಲ್ಸ ತಾನು ಮಾಡಿತ್ತು.

"ಮಸ್ತ್ ಐತ್ರಿ ಸರ ಮಷಿನ್, ಕೈಯಾಗ ಹಿಡದಿದ್ದ ಗೊತ್ತಾಗಂಗಿಲ್ಲ" ಅಂದ ಹುಡುಗ, ಅದನ್ನ ತಿರುವಿ ಮುರುವಿ ನೋಡಿ, ಭಾಳ ಪ್ರೀತಿಲೆ, ಭಾಳ ದೊಡ್ಡ ದನಿಲೆ. "ಬ್ಯಾಟರಿ ಚಾರ್ಜರ್ ಎಲ್ಲಾ ಹಿಡದು ಏಳು ಸಾವಿರದ ಹತ್ರ ಬಿದ್ದಿರಬೇಕಲ್ರಿ?"

ಅಡಗಿಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ನಿಂತು ಹೋತು.