ಸುಗ್ಗಿಯ ದಿನದ ಲೆಕ್ಕ ಹಿಡಿದು ಬ್ರೋಕರ್‌ನ ಸರ್ವರ್ ಆರಿಸಬೇಕು

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ಕಚೇರಿಯಲ್ಲಿ ನಾವು ಏಳು ಜನ ಕೂಡಿ ಅಡತಿ ಅಂಗಡಿಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯವರು. ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ಮೆಸೇಜ್ ಬ್ರೋಕರ್‌ಗೆ (ಒಂದು ಪ್ರೋಗ್ರಾಂ ಕೊಟ್ಟ ಸಂದೇಶವನ್ನು ಇನ್ನೊಂದು ಎತ್ತಿಕೊಳ್ಳುವವರೆಗೆ ಹಿಡಿದಿಡುವ ಸಾಫ್ಟ್‌ವೇರ್‌ಗೆ) ಎಷ್ಟು ದೊಡ್ಡ ಸರ್ವರ್ ಬೇಕು ಎಂಬ ಪ್ರಶ್ನೆಯನ್ನು ನಮ್ಮ ಊರಿನ ಬಹಳಷ್ಟು ಸಣ್ಣ ಕಂಪನಿಗಳು ಬೆಲೆಪಟ್ಟಿಯ ಮೊದಲ ಸಾಲು ನೋಡಿ ಮುಗಿಸಿಬಿಡುತ್ತವೆ. ನಾವೂ ಹಾಗೆಯೇ ಮಾಡಿದ್ದೆವು. ಅದು ತಪ್ಪು ಎಂದು ನನಗೆ ಮನವರಿಕೆಯಾಗಿರುವುದರಿಂದ, ಇದೇ ಕೆಲಸದಲ್ಲಿರುವ ಹುಬ್ಬಳ್ಳಿ–ಧಾರವಾಡದ ಗೆಳೆಯರಿಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಬ್ರೋಕರ್ ಎಂದರೇನು ಎಂದು ತಿಳಿಯದವರು ಅಡತಿ ಅಂಗಡಿಯ ಮುಂದಿನ ಕಟ್ಟೆಯನ್ನು ನೆನೆಸಿಕೊಳ್ಳಬಹುದು. ಗಾಡಿಯಿಂದ ಇಳಿದ ಚೀಲಗಳು ತೂಕವಾಗುವವರೆಗೆ ಆ ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತವೆ. ಇಳಿಸುವವರು ತೂಗುವವರಿಗಾಗಿ ಕಾಯಬೇಕಿಲ್ಲ, ತೂಗುವವರೂ ಇಳಿಸುವವರಿಗಾಗಿ ಕಾಯಬೇಕಿಲ್ಲ. ನಮ್ಮ ಸಾಫ್ಟ್‌ವೇರ್‌ನಲ್ಲಿ ಬಿಲ್ ಮಾಡುವ ಪ್ರೋಗ್ರಾಂ ರೈತರ ಪಟ್ಟಿಯನ್ನು, ಅಂದರೆ ಅವರು ಮಾರಿದ ಮಾಲಿನ ಬಿಲ್ಲನ್ನು, ತಯಾರಿಸಿ ಬ್ರೋಕರ್‌ನ ಕ್ಯೂಗೆ (ಸರದಿ ಸಾಲಿಗೆ) ಹಾಕುತ್ತದೆ, ಇನ್ನೊಂದು ಪ್ರೋಗ್ರಾಂ ಅದನ್ನು ಎತ್ತಿಕೊಂಡು ರೈತರ ಮೊಬೈಲಿಗೆ ಕಳಿಸುತ್ತದೆ. ಕಟ್ಟೆ ತುಂಬಿದರೆ ಗಾಡಿಗಳು ರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ. ಬ್ರೋಕರ್ ತುಂಬಿದರೂ ಆಗುವುದು ಅದೇ.

ಜನವರಿಯಿಂದ ಮಾರ್ಚ್‌ವರೆಗೆ ಬ್ಯಾಡಗಿ ಮಾರುಕಟ್ಟೆಗೆ ಒಂದೇ ದಿನ 2 ಲಕ್ಷಕ್ಕೂ ಮೀರಿ ಚೀಲ ಬರುವುದುಂಟು. ನಮ್ಮ ಸಾಫ್ಟ್‌ವೇರ್ ಬಳಸುವ ಅಂಗಡಿಗಳ ಪಾಲಿಗೆ ಅಂಥ ದಿನ ಸುಮಾರು 6,000 ಪಟ್ಟಿಗಳು ಬರುತ್ತವೆ ಎಂದು ನಾವು ಅಂದಾಜು ಮಾಡಿದ್ದೆವು. ದಿನದ 86,400 ಸೆಕೆಂಡುಗಳಿಗೆ ಹಂಚಿದರೆ ಹದಿನಾಲ್ಕು ಸೆಕೆಂಡಿಗೊಂದು ಪಟ್ಟಿ. ಇಷ್ಟು ಸಣ್ಣ ಕೆಲಸಕ್ಕೆ ಎಲ್ಲಕ್ಕಿಂತ ಚಿಕ್ಕದಾದ 1 ಜಿಬಿ ಮೆಮೊರಿಯ ಸರ್ವರ್ ಸಾಕೇ ಸಾಕು ಎಂದು ನಾನೇ ಹೇಳಿದ್ದೆ, ಸಭೆಯಲ್ಲಿ ಯಾರೂ ತಕರಾರು ಮಾಡಲಿಲ್ಲ.

ಆದರೆ ಪಟ್ಟಿಗಳು ಇಡೀ ದಿನಕ್ಕೆ ಹಂಚಿಕೊಂಡು ಬರುವುದಿಲ್ಲ. ಟೆಂಡರ್ ಫಲಿತಾಂಶ ಬಂದು ತೂಕ ಮುಗಿದ ಮೇಲೆ, ಮಧ್ಯಾಹ್ನ ಮೂರರಿಂದ ಐದರೊಳಗೆ ಎಲ್ಲವೂ ಒಟ್ಟಿಗೆ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ನಾವು ಪ್ರತಿ ಸಂದೇಶದೊಳಗೆ ಪಟ್ಟಿಯ ಚಿತ್ರವನ್ನೇ ತುರುಕಿ ಕಳಿಸುತ್ತಿದ್ದೆವು, ಒಂದೊಂದೂ ಸುಮಾರು 200 ಕೆಬಿ. ಆರು ಸಾವಿರ ಪಟ್ಟಿಗೆ 1.2 ಜಿಬಿ ಆಗುತ್ತದೆ. ರ್‍ಯಾಬಿಟ್‌ಎಂಕ್ಯೂ ಎಂಬ ಬ್ರೋಕರ್ ಸಾಫ್ಟ್‌ವೇರ್ ತನ್ನ ಮೆಮೊರಿ ಬಳಕೆಗೆ ಒಂದು ಗಡಿ ಹಾಕಿಕೊಂಡಿರುತ್ತದೆ. ಹಳೆಯ ಆವೃತ್ತಿಗಳಲ್ಲಿ ನಾವು ಬದಲಿಸದಿದ್ದರೆ ಅದು ಒಟ್ಟು ಮೆಮೊರಿಯ ಶೇ 40, 4.0 ಆವೃತ್ತಿಯಿಂದ ಈಚೆಗೆ ಶೇ 60. ಆ ಗಡಿ ದಾಟಿದ ಕೂಡಲೇ ಅದು ಸಂದೇಶ ಹಾಕುವವರನ್ನೆಲ್ಲ ತಡೆದು ನಿಲ್ಲಿಸುತ್ತದೆ. 1 ಜಿಬಿಯ ಶೇ 40 ಎಂದರೆ ಸುಮಾರು 400 ಎಂಬಿ, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಪಟ್ಟಿ. ಎತ್ತಿಕೊಳ್ಳುವ ಪ್ರೋಗ್ರಾಂ ಸರಿಯಾಗಿ ಓಡುತ್ತಿರುವವರೆಗೆ ಅಷ್ಟು ಪಟ್ಟಿ ಕೂಡಿಬೀಳುವುದೇ ಇಲ್ಲವಾದ್ದರಿಂದ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ನಮಗೆ ಇದರ ಸುಳಿವೂ ಸಿಗಲಿಲ್ಲ.

ಫೆಬ್ರವರಿಯ ಒಂದು ವಹಿವಾಟಿನ ದಿನ ಮೊಬೈಲಿಗೆ ಸಂದೇಶ ಮುಟ್ಟಿಸುವ ಸೇವೆ ಮಧ್ಯಾಹ್ನ ಮೂರಕ್ಕೆ ನಿಂತಿತು. ನಾನು ಅಂದು ಬ್ಯಾಡಗಿಯಲ್ಲೇ ಒಂದು ಅಂಗಡಿಯಲ್ಲಿ ಕುಳಿತಿದ್ದೆ. ಮುಕ್ಕಾಲು ತಾಸಿನೊಳಗೆ ಬಿಲ್ ಮಾಡುವ ಪರದೆಯೂ ನಿಂತಿತು. ಗುಮಾಸ್ತರು ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ್ದರಿಂದ, ಆಮೇಲೆ ತಡೆ ಬಿಟ್ಟಾಗ ಒಬ್ಬೊಬ್ಬ ರೈತರಿಗೆ ಎರಡು ಮೂರು ಪಟ್ಟಿಗಳು ಹೋದವು. ಕುಂದಗೋಳ ಕಡೆಯ ಹಿರಿಯರೊಬ್ಬರು ಗಲ್ಲೆಯ ಪಕ್ಕದಲ್ಲಿ ಮೊಬೈಲನ್ನು ಅಂಗೈ ಮೇಲಿಟ್ಟುಕೊಂಡು ನಿಂತಿದ್ದರು, ಅವರ ತೋಳಿನ ತುಂಬ ಮೆಣಸಿನಕಾಯಿಯ ಕೆಂಪು ಧೂಳು. "ತಮ್ಮಾ, ಪಟ್ಟಿ ಬಂತೇನಪಾ? ಬಸ್ಸಿಗೆ ಹೊತ್ತಾತು," ಎಂದು ಮೂರು ಸಲ ಕೇಳಿದರು. "ಇನ್ನೂ ಬಂದಿಲ್ರೀ ಅಜ್ಜಾರ," ಎಂದು ನಾನು ಮೂರು ಸಲ ಹೇಳಿದೆ. ಬಾಡಿಗೆಗೆ ಪಡೆದ ಬ್ರೋಕರ್ ಸೇವೆಯಲ್ಲಿ ದೋಷವೇನೂ ಇರಲಿಲ್ಲ, ಅದು ಹೇಳಿದ್ದನ್ನೇ ಮಾಡಿತ್ತು. ತಪ್ಪು ನನ್ನ ಲೆಕ್ಕದ್ದು.

ಮರುದಿನ ಒಬ್ಬ ಗ್ರಾಹಕರು, ಹಣ ಎಷ್ಟಾದರೂ ಆಗಲಿ, 16 ಕೋರ್‌ಗಳ (ಒಂದೇ ಹೊತ್ತಿಗೆ ಬೇರೆ ಬೇರೆ ಕೆಲಸ ಮಾಡಬಲ್ಲ 16 ಘಟಕಗಳ) ಸರ್ವರ್ ಹಾಕಿರಿ ಎಂದರು. ಅವರ ಕಳಕಳಿ ನಿಜವಾದದ್ದು, ಆದರೆ ಅದರಿಂದ ನಮ್ಮ ತೊಂದರೆ ನೀಗುತ್ತಿರಲಿಲ್ಲ. ರ್‍ಯಾಬಿಟ್‌ಎಂಕ್ಯೂ ಅನ್ನು ಎರ್ಲಾಂಗ್ ಭಾಷೆಯಲ್ಲಿ ಬರೆದಿದ್ದಾರೆ, ಅದರಲ್ಲಿ ಒಂದು ಕ್ಯೂ ಎಂದರೆ ಹೆಚ್ಚುಕಡಿಮೆ ಒಂದು ಪ್ರೊಸೆಸ್ (ತನ್ನಷ್ಟಕ್ಕೆ ಓಡುವ ಒಂದು ಕೆಲಸ), ಒಂದು ಪ್ರೊಸೆಸ್ ಒಂದು ಹೊತ್ತಿಗೆ ಒಂದೇ ಕೋರ್ ಮೇಲೆ ಓಡುತ್ತದೆ. ನಮ್ಮ ಪಟ್ಟಿಗಳೆಲ್ಲ ಒಂದೇ ಕ್ಯೂನಲ್ಲಿದ್ದವು. ಉಳಿದ ಕೋರ್‌ಗಳಿಗೆ ಸುಮ್ಮನೆ ಬಾಡಿಗೆ ಕಟ್ಟಬೇಕಾಗುತ್ತಿತ್ತು.

ಸಂದೇಶ ಎತ್ತಿಕೊಳ್ಳುವ ಪ್ರೋಗ್ರಾಂನ ವೇಗವನ್ನು ಲೆಕ್ಕ ಹಾಕದೆ ಬ್ರೋಕರ್‌ನ ಗಾತ್ರವನ್ನು ಆರಿಸಲೇಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಎರಡು ತಾಸಿನಲ್ಲಿ 6,000 ಪಟ್ಟಿ ಸಮನಾಗಿ ಬರುತ್ತವೆ ಎಂದುಕೊಳ್ಳಿ, ಕಳಿಸುವ ಪ್ರೋಗ್ರಾಂ ಸೆಕೆಂಡಿಗೆ ಒಂದು ಕಳಿಸುತ್ತದೆ. ಮೂರರಿಂದ ನಾಲ್ಕರವರೆಗೆ ಅದು ನಿಂತರೆ ಕ್ಯೂನಲ್ಲಿ 3,000 ಕೂಡುತ್ತವೆ. ನಾಲ್ಕರಿಂದ ಐದರೊಳಗೆ ಇನ್ನೂ 3,000 ಬರುತ್ತವೆ, ಹೋಗುವುದು 3,600 ಮಾತ್ರ. ಐದು ಗಂಟೆಗೆ ಉಳಿದ 2,400 ಪಟ್ಟಿಗಳು ಮುಗಿಯುವಾಗ ಐದು ನಲವತ್ತು ಆಗಿರುತ್ತದೆ. ಅದೇ ಪ್ರೋಗ್ರಾಂನ ಮೂರು ಪ್ರತಿಗಳನ್ನು ಓಡಿಸಿ ಸೆಕೆಂಡಿಗೆ ಮೂರು ಕಳಿಸಿದರೆ, ಕೂಡಿಬಿದ್ದದ್ದು ನಾಲ್ಕು ಇಪ್ಪತ್ತಮೂರಕ್ಕೇ ಕರಗುತ್ತದೆ. ಬ್ರೋಕರ್ ಎಷ್ಟೇ ದೊಡ್ಡದಿದ್ದರೂ ಈ ಎರಡು ಹೊತ್ತುಗಳ ನಡುವಿನ ಅಂತರ ಬದಲಾಗುವುದಿಲ್ಲ. ಬ್ರೋಕರ್‌ನ ಗಾತ್ರ ನಿರ್ಧರಿಸುವುದು ಇಷ್ಟನ್ನೇ: ಕೂಡಿಬಿದ್ದದ್ದನ್ನು ಅದು ಅಷ್ಟು ಹೊತ್ತು ಹೊತ್ತುಕೊಂಡು ನಿಲ್ಲಬಲ್ಲುದೇ, ಇಲ್ಲವೇ.

ಆದ್ದರಿಂದ ನಾವು ಮೊದಲು ಚಿತ್ರವನ್ನು ಸಂದೇಶದಿಂದ ಹೊರಗಿಟ್ಟೆವು. ಚಿತ್ರ ಈಗ ಕ್ಲೌಡ್‌ನ ಫೈಲ್ ಸಂಗ್ರಹಕ್ಕೆ ಹೋಗುತ್ತದೆ, ಸಂದೇಶದಲ್ಲಿ ಅದರ ವಿಳಾಸ ಮಾತ್ರ ಇರುತ್ತದೆ. ಒಂದು ಸಂದೇಶ 2 ಕೆಬಿಗೆ ಇಳಿಯಿತು, 6,000 ಪಟ್ಟಿಗೆ ಬರೀ 12 ಎಂಬಿ. ಹಾಗೆಯೇ ಪ್ರತಿ ಪಟ್ಟಿಗೂ ಹೊಸ ಕನೆಕ್ಷನ್ ತೆರೆದು ಮುಚ್ಚುತ್ತಿದ್ದುದನ್ನು ಬಿಟ್ಟು, ಒಂದು ಅಂಗಡಿಗೆ ಒಂದೇ ಕನೆಕ್ಷನ್ ದಿನವಿಡೀ ಇರುವಂತೆ ಮಾಡಿದೆವು. ಪ್ರತಿ ಪಟ್ಟಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟಿದ್ದರಿಂದ ಎರಡೆರಡು ಸಲ ಹೋಗುವುದೂ ತಪ್ಪಿತು.

ಇಷ್ಟೆಲ್ಲ ಆದ ಮೇಲೆ ಹಳೆಯ ಚಿಕ್ಕ ಸರ್ವರೇ ಸಾಕಲ್ಲವೇ ಎಂದು ನಮ್ಮ ಲೆಕ್ಕ ನೋಡುವ ಅಕ್ಕ ಕೇಳಿದರು. ನ್ಯಾಯವಾದ ಪ್ರಶ್ನೆಯೇ ಅದು. ನನ್ನ ಉತ್ತರ ಆಗಲೂ ಬೇಡ ಎಂದೇ ಇತ್ತು, ಈಗಲೂ ಅದೇ. ಅಂಥ ಸರ್ವರ್ ಒಂಟಿಯಾಗಿರುತ್ತದೆ, ಅದು ಬಿದ್ದರೆ ಕೈ ಹಿಡಿಯಲು ಇನ್ನೊಂದಿಲ್ಲ. ಸಂದೇಶದ ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿ ಇಟ್ಟು ಕಾಪಾಡುವ ಕೋರಂ ಕ್ಯೂಗಳು ಬೇಕೆಂದರೆ, ಬಂದ ಸಂದೇಶಗಳನ್ನು ಅವು ಮೊದಲು ಬರೆದಿಡುವ ದಾಖಲೆಯಾದ ಲಾಗ್‌ನ ಮಿತಿಯೇ, ನಾವು ಬದಲಿಸದಿದ್ದರೆ, 512 ಎಂಬಿ ಇರುತ್ತದೆ, ಮೆಮೊರಿ ಅದರ ಮೂರು ಪಟ್ಟಾದರೂ ಇರಬೇಕೆಂದು ರ್‍ಯಾಬಿಟ್‌ಎಂಕ್ಯೂ ತಯಾರಕರೇ ಸೂಚಿಸುತ್ತಾರೆ. 1 ಜಿಬಿಯಲ್ಲಿ ಅದು ಹಿಡಿಸುವುದಿಲ್ಲ. ಇನ್ನು ಅಮೆಜಾನ್ ಬಾಡಿಗೆಗೆ ಕೊಡುವ ಟಿ3 ಎಂಬ ಬಗೆಯ ಸರ್ವರ್‌ಗಳ ವೇಗ ಕ್ರೆಡಿಟ್ ಲೆಕ್ಕದ ಮೇಲೆ ನಿಂತಿದೆ, ಅಂದರೆ ಬಿಡುವಿನಲ್ಲಿ ಕೂಡಿಟ್ಟ ಕ್ರೆಡಿಟ್ಟನ್ನು ಕೆಲಸದ ಹೊತ್ತಿಗೆ ಖರ್ಚು ಮಾಡುತ್ತವೆ. ಅವುಗಳಲ್ಲಿ 1 ಜಿಬಿಯ ಟಿ3 ಮೈಕ್ರೊಗೆ ನಿರಂತರವಾಗಿ ಸಿಗುವುದು ಪ್ರತಿ ಕೋರ್‌ನ ಶಕ್ತಿಯ ಶೇ 10 ಮಾತ್ರ, ಸುಗ್ಗಿಯ ಮಧ್ಯಾಹ್ನಕ್ಕೆ ಅದನ್ನು ನಂಬಲಾಗದು. ಅಮೆಜಾನ್ ಎಂಕ್ಯೂ ಎಂಬ ಬಾಡಿಗೆ ಬ್ರೋಕರ್ ಸೇವೆಯಲ್ಲಿ ರ್‍ಯಾಬಿಟ್‌ಎಂಕ್ಯೂ ಕ್ಲಸ್ಟರ್ ಎಂದರೆ ಒಂದಾಗಿ ಕೆಲಸ ಮಾಡುವ ಮೂರು ಸರ್ವರ್‌ಗಳು, ಆ ಕ್ಲಸ್ಟರ್‌ಗೆ ಟಿ3 ಮೈಕ್ರೊ ಆರಿಸಲು ಅವಕಾಶವೇ ಇಲ್ಲ. ಒಂದು ಸರ್ವರ್‌ನ ಬ್ರೋಕರನ್ನು ಆಮೇಲೆ ಮೂರರ ಕ್ಲಸ್ಟರ್ ಮಾಡಲೂ ಬರುವುದಿಲ್ಲ, ಹೊಸದನ್ನೇ ಕಟ್ಟಬೇಕು. ಹಾಗಾಗಿ ಗಾತ್ರವನ್ನು ಮುಂದೆ ನೋಡಿಕೊಂಡರಾಯಿತು, ಎಷ್ಟು ಸರ್ವರ್ ಎಂಬುದನ್ನು ಮೊದಲೇ ತೀರ್ಮಾನಿಸಬೇಕು.

ನಾವು ಕೊನೆಗೆ ತೆಗೆದುಕೊಂಡದ್ದು 2 ಕೋರ್, 8 ಜಿಬಿ ಮೆಮೊರಿಯ ಮೂರು ಸರ್ವರ್‌ಗಳ ಕ್ಲಸ್ಟರ್. ನಮ್ಮ ಸಂದೇಶಗಳ ಭಾರಕ್ಕೆ ಇದು ಹೆಚ್ಚೇ ಎಂದು ಒಪ್ಪುತ್ತೇನೆ. ಬಾಡಿಗೆ ತಿಂಗಳು ತಿಂಗಳು ಭಾರವೆನಿಸುತ್ತದೆ, ಅದಕ್ಕಾಗಿ ಕಚೇರಿಯ ಬೇರೆ ಖರ್ಚುಗಳನ್ನು ಕಡಿಮೆ ಮಾಡಿದ್ದೇವೆ. ಆದರೆ ಒಂದು ದೊಡ್ಡ ಸರ್ವರ್‌ಗಿಂತ ಮೂರು ಸಾಧಾರಣ ಸರ್ವರ್‌ಗಳು ಮೇಲು ಎಂಬ ನಿಲುವನ್ನು ನಾನು ಬಿಡಲಾರೆ. ವರ್ಷದ ದುಡಿಮೆಯ ಲೆಕ್ಕ ಆ ಕ್ಯೂನಲ್ಲಿರುತ್ತದೆ.

ಈ ಡಿಸೆಂಬರ್ ಮೊದಲ ವಾರ, ಆವಕ ಏರುವ ಮುನ್ನ, ನಾವು ಕಚೇರಿಯಲ್ಲಿ 6,000 ಸುಳ್ಳು ಪಟ್ಟಿಗಳನ್ನು ಎರಡು ತಾಸಿನಲ್ಲಿ ಹರಿಬಿಟ್ಟು, ಮೂರು ಗಂಟೆಗೆ ಕಳಿಸುವ ಪ್ರೋಗ್ರಾಂ ನಿಲ್ಲಿಸಿ, ನಾಲ್ಕಕ್ಕೆ ಮತ್ತೆ ಚಾಲೂ ಮಾಡಲಿದ್ದೇವೆ. ನಡುವೆ ಕ್ಲಸ್ಟರ್‌ನ ಮರುಚಾಲನೆಯನ್ನೂ ಮಾಡುತ್ತೇವೆ. ಕ್ಯೂ ನಾಲ್ಕೂವರೆಯೊಳಗೆ ಖಾಲಿಯಾಗದಿದ್ದರೆ ಮೊದಲು ಕಳಿಸುವ ಪ್ರೋಗ್ರಾಂನ ಪ್ರತಿಗಳನ್ನು ಹೆಚ್ಚಿಸುತ್ತೇವೆ, ಮೆಮೊರಿ ಗಡಿ ಮುಟ್ಟಿದರೆ ಮಾತ್ರ ಸರ್ವರ್ ದೊಡ್ಡದು ಮಾಡುತ್ತೇವೆ. ಹುಬ್ಬಳ್ಳಿ–ಧಾರವಾಡದಲ್ಲಿ ಇದೇ ಕೆಲಸ ಮಾಡುವವರು ಯಾರಾದರೂ ಆ ದಿನ ಬಂದು ಜೊತೆಗೆ ಕುಳಿತು ನೋಡುವುದಾದರೆ ನಮಗೆ ಸಂತೋಷ. ನಿಮ್ಮ ಕ್ಯೂನ ಸಂದೇಶದ ಗಾತ್ರ, ಅತಿ ಕೆಟ್ಟ ದಿನದ ಸಂಖ್ಯೆ, ಇವೆರಡನ್ನು ಬರೆದುಕೊಂಡು ಬನ್ನಿರಿ. ಅದೇ ಪರೀಕ್ಷೆಯನ್ನು ಅದರ ಮೇಲೂ ಮಾಡಿ ನೋಡೋಣ.