ಗಾರ್ನಂಟಿನ ಅಜ್ಜಿ, ಧಾರವಾಡದ ಆಯಿ

ವಿಜಯದಶಮಿಯ ದಿನ ಅವ್ವ ಧಾರವಾಡದಿಂದ ವಿಡಿಯೋ ಕಾಲ್ ಮಾಡಿದ್ದಳು. ಕೈಯಲ್ಲಿ ಬನ್ನಿ ಎಲೆ ಹಿಡಿದು ಮೊಮ್ಮಗಳಿಗೆ ತೋರಿಸುತ್ತಾ, "ಬನ್ನಿ ತಗೊಂಡು ಬಂಗಾರದಂಗ ಇರೋಣು, ಪುಟ್ಟಿ" ಎಂದಳು. ನನ್ನ ಮಗಳು ಚೆಂದವಾಗಿ ನಕ್ಕಳು. ಆಮೇಲೆ ಮೆಲ್ಲಗೆ ಮ್ಯೂಟ್ ಒತ್ತಿ, ನನ್ನ ಕಡೆ ತಿರುಗಿ, ಆಯಿ ಏನಂದಳು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಯಿಗೆ ಬೇಜಾರಾಗಬಾರದು ಅಂತ ಮ್ಯೂಟ್ ಮಾಡುವಷ್ಟು ತಿಳಿವಳಿಕೆ ಇದೆ ಅವಳಿಗೆ. ಅದೇ ನನಗೆ ಜಾಸ್ತಿ ಚುಚ್ಚಿತು.

ನಾವಿರುವುದು ಸ್ವಾನ್ಸಿಯಲ್ಲಿ, ಬ್ರಿಟನ್ನಿನ ವೇಲ್ಸ್‌ನ ದಕ್ಷಿಣ ಕರಾವಳಿಯಲ್ಲಿ. ಇಲ್ಲಿಂದ ಒಳನಾಡಿನ ಕಡೆ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಅಮ್ಮನ್ ಕಣಿವೆ. ಹೆಸರಿನಲ್ಲೇ ಅಮ್ಮ ಇದ್ದಾಳೆ ಅಂತ ಸುಮ್ನೆ ಖುಷಿಪಡಬಹುದು, ಸಂಬಂಧ ಏನೂ ಇಲ್ಲ. ಅಲ್ಲಿ ಗಾರ್ನಂಟ್ ಅಂತ ಒಂದು ಸಣ್ಣ ಊರು. ಹಿಂದೆ ಕಲ್ಲಿದ್ದಲು ಗಣಿಗಳಿದ್ದ ಊರು. ರಾಕ್ ಸಂಗೀತಗಾರ ಜಾನ್ ಕೇಲ್ ಹುಟ್ಟಿದ್ದು ಅಲ್ಲೇ, 1942ರಲ್ಲಿ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆ ಕಡೆಯವರು. ಊಟದ ಹೊತ್ತಿನಲ್ಲಿ ದಸರೆಯ ಕಥೆ ಹೇಳಿಕೊಂಡೆ. ಅದಕ್ಕೆ ಅವರು, "ನಮ್ಮ ಕೇಲ್ ಮನೆಯಲ್ಲಿ ಇದರ ಉಲ್ಟಾ ಆಗಿತ್ತು" ಎಂದರು.

ಆ ಉಲ್ಟಾ ಕಥೆ ಹೀಗಿದೆ. ಕೇಲ್ ಅವರ ತಾಯಿ ಶಾಲೆಯ ಟೀಚರು, ವೇಲ್ಸ್‌ನ ಸ್ವಂತ ಭಾಷೆ ವೆಲ್ಶ್ ಮಾತಾಡುವವರು. ತಂದೆ ಗಣಿ ಕಾರ್ಮಿಕ, ಅವರ ಮಾತು ಇಂಗ್ಲಿಷು. ಮನೆ ಮಾತ್ರ ತಾಯಿಯ ತಾಯಿಯದು. ಈ ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಹಾಗಿಲ್ಲ ಎಂದು ಆ ಅಜ್ಜಿ ಹೇಳಿಬಿಟ್ಟಿದ್ದಳು. ಹಾಗಾಗಿ ಹುಡುಗನಿಗೆ ಏಳು ವರ್ಷದವರೆಗೆ ವೆಲ್ಶ್ ಒಂದೇ ಬರುತ್ತಿತ್ತು. ಇಂಗ್ಲಿಷ್ ಕಲಿತದ್ದು ಶಾಲೆಗೆ ಹೋದಮೇಲೆ.

ಕೇಳಿದಾಗ ನನಗೆ ಆ ಅಜ್ಜಿಯ ಕಾಲಿಗೆ ಬೀಳಬೇಕು ಅನ್ನಿಸಿತು.

ಯಾಕಂದರೆ ನಾನು ಓದಿದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ದಂಡ ಇತ್ತು. ಒಂದು ಮಾತಿಗೆ ನಾಲ್ಕಾಣೆ. ಮನೆಗೆ ಬಂದು ಹೇಳಿದರೆ ಅಪ್ಪ, "ಛಲೋ ಆತು, ಹಂಗರ ಇಂಗ್ಲಿಷ್ ಬರತದ" ಎಂದು ತಾನೇ ಚಿಲ್ಲರೆ ಕೊಟ್ಟು ಕಳಿಸುತ್ತಿದ್ದ. ವೇಲ್ಸ್‌ನಲ್ಲೂ 19ನೇ ಶತಮಾನದಲ್ಲಿ ಇಂಥದ್ದೇ ಒಂದು ಪದ್ಧತಿ ಇತ್ತು. ಶಾಲೆಯಲ್ಲಿ ವೆಲ್ಶ್ ಮಾತಾಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ನೇತುಹಾಕುತ್ತಿದ್ದರು. ಅದರ ಹೆಸರು ವೆಲ್ಶ್ ನಾಟ್. ಇವರು ಅದನ್ನು ಈಗ ಮ್ಯೂಸಿಯಂನಲ್ಲಿ ಇಟ್ಟು, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ನಮ್ಮಲ್ಲಿ ಅಂಥ ಶಾಲೆಯ ಅಡ್ಮಿಷನ್‌ಗೆ ಬೆಳಗಿನ ಜಾವದಿಂದ ಕ್ಯೂ.

2021ರ ಜನಗಣತಿಯಲ್ಲಿ ವೆಲ್ಶ್ ಬರುತ್ತದೆ ಎಂದವರು ಸುಮಾರು 5 ಲಕ್ಷ 38 ಸಾವಿರ ಜನ. ನಮ್ಮ ಹುಬ್ಬಳ್ಳಿ-ಧಾರವಾಡದ ಜನವೇ ಅದಕ್ಕಿಂತ ಜಾಸ್ತಿ. ಆದರೂ ಇಲ್ಲಿ ರಸ್ತೆಯ ಮೇಲೆ 'ಸ್ಲೋ' ಎಂದು ಬರೆದಲ್ಲೆಲ್ಲ 'ಅರವ್' ಎಂದೂ ಬರೆದಿರುತ್ತದೆ. 16 ವರ್ಷದವರೆಗೆ ಶಾಲೆಯಲ್ಲಿ ಎಲ್ಲ ಮಕ್ಕಳೂ ವೆಲ್ಶ್ ಕಲಿಯಲೇಬೇಕು, ನನ್ನ ಮಗಳೂ ಸೇರಿ. ಅವಳಿಗೆ ವೆಲ್ಶ್‌ನಲ್ಲಿ ಅಜ್ಜಿಗೆ 'ಮಾಮ್‌ಗೀ' ಅನ್ನುತ್ತಾರೆ ಅಂತ ಗೊತ್ತು. ಬನ್ನಿ ಗೊತ್ತಿಲ್ಲ.

ಗಾರ್ನಂಟಿನ ಆ ಅಜ್ಜಿಯ ಮೊಮ್ಮಗ ಮುಂದೆ ಏನಾದ ಅನ್ನುವುದು ಇನ್ನೂ ಮಜವಾಗಿದೆ. ಅಮ್ಮನ್‌ಫರ್ಡ್‌ನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ಶಾಲೆಯ ವಾದ್ಯಮೇಳದಲ್ಲಿ ಬೇರೆ ವಾದ್ಯಗಳೆಲ್ಲ ಹಂಚಿಹೋಗಿ ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಯೋಲಾ ಒಂದೇ ಉಳಿದಿತ್ತು, ಅದನ್ನೇ ಎತ್ತಿಕೊಂಡ. 13ನೇ ವಯಸ್ಸಿಗೆ ವೇಲ್ಸ್‌ನ ನ್ಯಾಷನಲ್ ಯೂತ್ ಆರ್ಕೆಸ್ಟ್ರಾ ಸೇರಿದ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ನಲ್ಲಿ ಓದು ಮುಗಿಸಿ, 1963ರಲ್ಲಿ ಸ್ಕಾಲರ್‌ಶಿಪ್ ಮೇಲೆ ಅಮೆರಿಕ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಎಂಬ ಸಂಗೀತ ರಚನಕಾರರು ಒಂದು ಕಛೇರಿ ಇಟ್ಟರು. ಎರಿಕ್ ಸಾಟಿಯ ಒಂದು ಪುಟ್ಟ ಪಿಯಾನೋ ತುಣುಕನ್ನು 840 ಸಲ ನುಡಿಸಬೇಕು. ಸರದಿಯ ಮೇಲೆ ಕೂತ ಪಿಯಾನೋದವರಲ್ಲಿ ಕೇಲ್ ಕೂಡ ಒಬ್ಬರು. ಮುಗಿಯಲು 18 ಗಂಟೆ 40 ನಿಮಿಷ ಹಿಡಿಯಿತು. ನಮ್ಮ ಅಖಂಡ ಭಜನೆ ನೋಡಿದವರಿಗೆ ಇದೇನು ದೊಡ್ಡದಲ್ಲ ಬಿಡಿ.

ಆಮೇಲೆ ಸೇರಿದ್ದು ಲಾ ಮಾಂಟ್ ಯಂಗ್ ಎಂಬ ಸಂಗೀತಗಾರರ ಗುಂಪು. ಅಲ್ಲಿ ಒಂದೇ ಸ್ವರ ಹಿಡಿದು ಗಂಟೆಗಟ್ಟಲೆ ಎಳೆಯುವುದೇ ಸಂಗೀತ. ಕೇಲ್ ವಯೋಲಾಕ್ಕೆ ಗಿಟಾರಿನ ತಂತಿ ಹಾಕಿ ಎಳೆದರು. ಅವರಿದ್ದ ರಾಕ್ ಬ್ಯಾಂಡ್ ವೆಲ್ವೆಟ್ ಅಂಡರ್‌ಗ್ರೌಂಡ್‌ನ, 1967ರಲ್ಲಿ ಬಂದ ಮೊದಲ ಆಲ್ಬಮ್‌ನಲ್ಲಿ, ಅದೇ ಬಾಳೆಹಣ್ಣಿನ ಕವರಿನದು, ಆ ನಾದ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿ ಕೇಳಿದೆ. ಲೂ ರೀಡ್ ಹಾಡುತ್ತಿದ್ದರೆ ಹಿಂದೆ ಅದು ಬಿಡದೆ ಕೊರೆಯುತ್ತಿರುತ್ತದೆ, ಸಿಟ್ಟಿಗೆದ್ದ ತಂಬೂರಿಯ ಹಾಗೆ. ಯಂಗ್ ಅವರು 1970ರಲ್ಲಿ ಪಂಡಿತ್ ಪ್ರಾಣ್‌ನಾಥರ ಶಿಷ್ಯರಾದರು. ಪ್ರಾಣ್‌ನಾಥರದು ಕಿರಾಣಾ ಘರಾಣೆ, ಅಂದರೆ ನಮ್ಮ ಗಂಗೂಬಾಯಿ, ಭೀಮಸೇನ ಜೋಶಿಯವರ ಘರಾಣೆ. ಅಷ್ಟೊತ್ತಿಗೆ ಕೇಲ್ ಅಲ್ಲಿಂದ ಹೊರಬಿದ್ದು ವರ್ಷಗಳಾಗಿದ್ದವು. ಸ್ವಲ್ಪದರಲ್ಲಿ ತಪ್ಪಿತು ಅಂತ ಧಾರವಾಡದವನಾದ ನನಗೆ ಹೊಟ್ಟೆಯುರಿ.

1968ರಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಬಿಟ್ಟಮೇಲೆ ಕೇಲ್ ಬೇರೆಯವರ ಆಲ್ಬಮ್‌ಗಳನ್ನೂ ಪ್ರೊಡ್ಯೂಸ್ ಮಾಡಿದರು. 1969ರಲ್ಲಿ ಸ್ಟೂಜಸ್ ಬ್ಯಾಂಡಿನ ಮೊದಲ ಆಲ್ಬಮ್, 1975ರಲ್ಲಿ ಪ್ಯಾಟಿ ಸ್ಮಿತ್‌ರ 'ಹಾರ್ಸಸ್'. ಪಂಕ್ ಅನ್ನುವ ರಾಕ್ ಸಂಗೀತ ಹುಟ್ಟುವಾಗ ಸೂಲಗಿತ್ತಿಯಾಗಿ ನಿಂತವರು ಇವರು ಅಂದರೂ ನಡೆಯುತ್ತದೆ. ಲಿಯೊನಾರ್ಡ್ ಕೊಹೆನ್‌ರ 'ಹಾಲೆಲೂಯ' ಹಾಡಬೇಕು ಅಂತ ಸಾಹಿತ್ಯ ಕೇಳಿದಾಗ, ಕೊಹೆನ್ ಕಳಿಸಿದ ಫ್ಯಾಕ್ಸು 15 ಪುಟ ಬಂತಂತೆ. ಅದರಲ್ಲಿ ತಮಗೆ ಬೇಕಾದ ಚರಣ ಆರಿಸಿ, ಬರೀ ಪಿಯಾನೋ ಇಟ್ಟುಕೊಂಡು 1991ರಲ್ಲಿ ಹಾಡಿದರು. ಗಾಯಕ ಜೆಫ್ ಬಕ್ಲಿ ಅದನ್ನು ಕೇಳಿಯೇ ತಮ್ಮದನ್ನು ಹಾಡಿದ್ದು.

ಇಷ್ಟೆಲ್ಲ ಆಗಿದ್ದು ಊರು ಬಿಟ್ಟು ಹೋದಮೇಲೆ. ಆದರೂ 2009ರಲ್ಲಿ ವೆನಿಸ್ ಬಿನಾಲೆ ಎಂಬ ಕಲಾ ಪ್ರದರ್ಶನಕ್ಕೆ ವೇಲ್ಸ್ ತನ್ನ ಪರವಾಗಿ ಕಳಿಸಿದ್ದು ಇವರನ್ನೇ. ಅಲ್ಲಿ ತೋರಿಸಿದ ಕೃತಿಗೆ ವೆಲ್ಶ್ ಹೆಸರು. ಅದಕ್ಕಾಗಿ ಗಾರ್ನಂಟಿನ ಆ ಹಳೇ ಮನೆಯಲ್ಲೇ ಚಿತ್ರೀಕರಣ ಮಾಡಿದ್ದರು. ಬಿಟ್ಟು ಹೋದವನನ್ನು ಇವರು ಇನ್ನೂ 'ನಮ್ಮ' ಎಂದೇ ಕರೆಯುತ್ತಾರೆ. ನಾನು ರಜೆಗೆ ಊರಿಗೆ ಹೋದರೆ ಓಣಿಯವರು ಕೇಳುವುದು ಒಂದೇ, "ಯಾವಾಗ ವಾಪಸ್ ಹೊಂಟಿ?"

ಇದನ್ನೆಲ್ಲ ಮನೆಯಲ್ಲಿ ಹುರುಪಿನಿಂದ ಹೇಳಿದೆ. ನನ್ನವಳು ಚಪಾತಿ ಲಟ್ಟಿಸುತ್ತಾ, "ಹಂಗಾದ್ರ ಆ ಹುಡುಗ ಅಪ್ಪನ ಜೋಡಿ ಹೆಂಗ ಮಾತಾಡತಿತ್ತು?" ಎಂದಳು.

ಮಾತಾಡುತ್ತಿರಲಿಲ್ಲ. ಅದನ್ನು ನಾನು ಬೇಕಂತಲೇ ಹಾರಿಸಿದ್ದೆ. ಶಾಲೆಯಲ್ಲಿ ಇಂಗ್ಲಿಷ್ ಬರುವವರೆಗೆ ತಂದೆ ಮಗ ಒಂದೇ ಮನೆಯಲ್ಲಿದ್ದೂ ಇಬ್ಬರ ನಡುವೆ ಮಾತಿಲ್ಲ. ಅಜ್ಜಿಗೆ ಬರೀ ಭಾಷೆಯ ಮೇಲಿನ ಪ್ರೀತಿ ಅಲ್ಲ, ಮಗಳು ಒಬ್ಬ ಗಣಿ ಕಾರ್ಮಿಕನನ್ನು ಮದುವೆಯಾದಳು ಅನ್ನುವ ಸಿಟ್ಟೂ ಇತ್ತು. ಅಷ್ಟು ಕಾವಲು ಕಾದ ವೆಲ್ಶ್‌ನಲ್ಲಿ ಮೊಮ್ಮಗ ಕಟ್ಟಿದ ಹಾಡು ಎಷ್ಟು ಅಂತ ಹುಡುಕಿದರೆ, ಆಲ್ಬಮ್‌ಗಳು ಹೆಚ್ಚುಕಡಿಮೆ ಎಲ್ಲ ಇಂಗ್ಲಿಷೇ. ಇನ್ನೊಂದು, ನನ್ನ ಮಗಳು ಹುಟ್ಟಿದಾಗಿನಿಂದ ಅವಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ್ದು ಆ ಶಾಲೆಯಲ್ಲ, ನಾನು.

ಆದರೂ ಮರುದಿನ ಬೆಳಿಗ್ಗೆ ಇನ್ನುಮೇಲೆ ಮನೆಯಲ್ಲಿ ಇಂಗ್ಲಿಷ್ ಬಂದ್ ಎಂದು ಸಾರಿದೆ. ಇಂಗ್ಲಿಷಿನಲ್ಲೇ ಸಾರಿದೆ, ಅವಳಿಗೆ ಅರ್ಥ ಆಗಬೇಕಲ್ವಾ. ಮಗಳು ಎರಡು ದಿನ ತಲೆಯಾಡಿಸಿಯೇ ಕೆಲಸ ಸಾಗಿಸಿದಳು.

ಭಾನುವಾರ ಮತ್ತೆ ಅವ್ವನ ಫೋನು. ಕನ್ನಡ ಬರುವುದಿಲ್ಲ, ಇಂಗ್ಲಿಷಿಗೆ ಅಪ್ಪ ಬಿಡುವುದಿಲ್ಲ. ಮಗಳು ಒಂದು ಕ್ಷಣ ಯೋಚಿಸಿ, ಶಾಲೆಯಲ್ಲಿ ಕಲಿತ ವೆಲ್ಶ್ ನಮಸ್ಕಾರವನ್ನೇ ಹೇಳಿದಳು: "ಬೊರೆ ದಾ, ಆಯಿ!"

ಅವ್ವನ ಮುಖ ಸಣ್ಣದಾಯಿತು. "ಬೋರ್ ಆತಾ? ಈಗರ ಫೋನ್ ಹಚ್ಚೇನಲ್ಲವಾ!"